ಮೊದಲ ತಂತಿ ಸ್ಯಾಡಲ್ ಬಳಿಯೇ ತುಂಡಾಗುತ್ತಿದ್ದರೆ

ನಮಸ್ಕಾರ. ನಿಮ್ಮ ಸ್ಟ್ರಾಟ್ (ಫೆಂಡರ್ ಕಂಪನಿಯ ಸ್ಟ್ರಾಟೊಕಾಸ್ಟರ್) ಮಾದರಿಯ ಎಲೆಕ್ಟ್ರಿಕ್ ಗಿಟಾರಿನಲ್ಲಿ ಬೆಂಡ್ ಮಾಡುವಾಗ, ಅಂದರೆ ತಂತಿಯನ್ನು ಬೆರಳಿನಿಂದ ಅಡ್ಡಕ್ಕೆ ಎಳೆದು ಸ್ವರ ಏರಿಸುವಾಗ, ಮೊದಲ (ಅತಿ ತೆಳುವಾದ) ತಂತಿ ಬ್ರಿಡ್ಜ್ ಬಳಿ ಪದೇ ಪದೇ ತುಂಡಾಗುತ್ತಿದೆ, ಸ್ಯಾಡಲ್ (ಬ್ರಿಡ್ಜ್ ಮೇಲೆ ತಂತಿ ಕೂರುವ ಪುಟ್ಟ ತುಂಡು) ಬದಲಿಸಿದರೆ ನಾದವೂ ಸುಧಾರಿಸೀತೇ ಎಂದು ಕೇಳಿದ್ದೀರಿ.

ದುಡ್ಡು ಹಾಕುವ ಮೊದಲು ತುಂಡಾದ ತಂತಿಯನ್ನೇ ನೋಡಿ. ಸ್ಯಾಡಲ್‌ಗೆ ತಾಗುವ ಜಾಗದಲ್ಲೇ ಕಡಿದಿದ್ದರೆ ಅಲ್ಲೊಂದು ಚೂಪಾದ ಅಂಚೋ, ತಂತಿ ಕೊರೆದ ಗೀರೋ ಇರುತ್ತದೆ. ತಂತಿ ಸಡಿಲಿಸಿ, ಬೆರಳುಗುರಿನಿಂದ ಸವರಿದರೆ ಸಿಕ್ಕಿಬೀಳುತ್ತದೆ. 1000 ನಂಬರಿನ ವಾಟರ್ ಪೇಪರ್ ಮಡಚಿ, ತಂತಿ ಸಾಗುವ ದಿಕ್ಕಿನಲ್ಲೇ ಮೆಲ್ಲಗೆ ಉಜ್ಜಿ. ಎಷ್ಟೋ ಸಲ ಇಷ್ಟೇ ಸಾಕು, ಖರ್ಚೇ ಇಲ್ಲ. ಇನ್ನೂ ಕೆಳಗೆ, ಲೋಹದ ತೂತಿನಿಂದ ತಂತಿ ಮೇಲೆ ಬರುವಲ್ಲಿ ಕಡಿದಿದ್ದರೆ ಮಾತ್ರ ಸ್ಯಾಡಲ್ ಬದಲಿಸಿ ಉಪಯೋಗವಿಲ್ಲ. ಆ ತೂತಿನ ಅಂಚನ್ನೇ ನಯಗೊಳಿಸಬೇಕು.

ಬದಲಿಸಲೇಬೇಕೆಂದರೆ ಗ್ರಾಫ್ ಟೆಕ್ ಕಂಪನಿಯ ಸ್ಟ್ರಿಂಗ್ ಸೇವರ್ ಸ್ಯಾಡಲ್ ನನ್ನ ಆಯ್ಕೆ. ಅದರ ವಸ್ತುವಿನಲ್ಲೇ ಟೆಫ್ಲಾನ್ ಬೆರೆತಿರುವುದರಿಂದ ತಂತಿ ಜಾರುತ್ತದೆ, ಉಜ್ಜಾಟ ಕಡಿಮೆ. ನಾದದ ವಿಷಯದಲ್ಲಿ ಪವಾಡ ನಿರೀಕ್ಷಿಸಬೇಡಿ. ಉಕ್ಕಿನ ಸ್ಯಾಡಲ್‌ನ ಆ ಕಿಣಿಕಿಣಿ ಸ್ವಲ್ಪ ಮೆತ್ತಗಾಗುತ್ತದೆ, ಅಷ್ಟೇ. ಹೊಸ ತಂತಿ ಹಾಕಿದಾಗ ಕೇಳುವ ವ್ಯತ್ಯಾಸವೇ ಇದಕ್ಕಿಂತ ದೊಡ್ಡದು.

ಆರ್ಡರ್ ಮಾಡುವ ಮುನ್ನ ಒಂದನೇ ತಂತಿಯಿಂದ ಆರನೆಯದರ ನಡುವಿನ ಅಂತರವನ್ನು ಸ್ಯಾಡಲ್ ಬಳಿ ಅಳೆಯಿರಿ. ಹಳೆಯ ಫೆಂಡರ್ ಅಳತೆ ಸುಮಾರು 56 ಮಿ.ಮೀ., ಹೊಸದು 52ರ ಆಸುಪಾಸು. ಒಂದರದ್ದು ಇನ್ನೊಂದಕ್ಕೆ ಸರಿಯಾಗಿ ಕೂರುವುದಿಲ್ಲ.

ಜೋಡಿಸಿದ ಮೇಲೆ 12ನೇ ಫ್ರೆಟ್‌ನಲ್ಲಿ (ಕುತ್ತಿಗೆಯ ಮೇಲಿನ ಲೋಹದ ಪಟ್ಟಿ) ಹಾರ್ಮೋನಿಕ್, ಅಂದರೆ ತಂತಿಯನ್ನು ಒತ್ತದೆ ಬರೀ ತಾಗಿಸಿ ಮೀಟಿದ ಸ್ವರ, ಮತ್ತು ಒತ್ತಿದ ಸ್ವರ ಎರಡನ್ನೂ ಟ್ಯೂನರ್‌ನಲ್ಲಿ ಹೋಲಿಸಿ. ಒತ್ತಿದ ಸ್ವರ ಏರಿದ್ದರೆ ಸ್ಯಾಡಲ್ ಹಿಂದಕ್ಕೆ (ಕುತ್ತಿಗೆಯಿಂದ ದೂರ), ಇಳಿದಿದ್ದರೆ ಮುಂದಕ್ಕೆ ಸರಿಸಿ.