ತಾತಂದಿರ ತಪ್ಪಿಗೆ ನಾವೇಕೆ ತಲೆ ತಗ್ಗಿಸಬೇಕು?

ಪ್ರಶ್ನೆ: ಯುದ್ಧದಲ್ಲಿ ಹಿಂದಿನವರು ಮಾಡಿದ ಅನ್ಯಾಯಕ್ಕೆ ಇಂದಿನ ಜನ ಯಾಕೆ ಕ್ಷಮೆ ಕೇಳಬೇಕು? ಅದು ದೇಶಕ್ಕಾಗಿ ಹೋರಾಡಿದ ಸೈನಿಕರಿಗೆ ಅವಮಾನ ಅಲ್ವಾ?

ಉತ್ತರ: ಸೈನಿಕರ ಮಾತನ್ನೇ ಮೊದಲು ತೆಗೆದುಕೊಳ್ಳುತ್ತೇನೆ. 1968ರ ಮಾರ್ಚ್ 16ರಂದು ವಿಯೆಟ್ನಾಂ ಯುದ್ಧದ ನಡುವೆ ಅಲ್ಲಿನ ಹಳ್ಳಿ ಮೈ ಲಾಯ್‌ನಲ್ಲಿ ಅಮೆರಿಕದ ಸೈನಿಕರು ಹೆಂಗಸರು, ಮಕ್ಕಳು, ಮುದುಕರು ಅಂತ ನೋಡದೆ ನೂರಾರು ಜನರನ್ನು ಕೊಂದರು. ವಿಷಯ ಹೊರಬರಲು ಒಂದು ವರ್ಷಕ್ಕೂ ಜಾಸ್ತಿ ಹಿಡಿಯಿತು. ಶಿಕ್ಷೆಯಾದದ್ದು ಒಬ್ಬನಿಗೆ ಮಾತ್ರ, ಲೆಫ್ಟಿನೆಂಟ್ ವಿಲಿಯಂ ಕ್ಯಾಲಿಗೆ. 1971ರಲ್ಲಿ ಆ ತೀರ್ಪು ಬಂದಾಗ ಬಹುಪಾಲು ಅಮೆರಿಕನ್ನರು ಅದನ್ನು ಒಪ್ಪಲಿಲ್ಲ. ಪಾಪ, ಮೇಲಿನವರು ಹೇಳಿದ್ದನ್ನು ಮಾಡಿದ ಅಂತ ಎಷ್ಟೋ ಜನ ಮರುಗಿದರು. ಇದೇ ನೆಪವನ್ನು ಎರಡನೇ ಮಹಾಯುದ್ಧ ಮುಗಿದ ಮೇಲೆ ಯುದ್ಧಾಪರಾಧಗಳಿಗಾಗಿ ನಡೆದ ನ್ಯೂರೆಂಬರ್ಗ್ ವಿಚಾರಣೆಯಲ್ಲಿ ಜರ್ಮನ್ನರು ಹೇಳಿದ್ದರು. ಆಗ ಅಮೆರಿಕವೂ ಸೇರಿ ಗೆದ್ದ ದೇಶಗಳು ಅದಕ್ಕೆ ಕಿವಿಗೊಡಲಿಲ್ಲ. ಕೊಂದವನು ನಮ್ಮವನಾದರೆ ಅವನ ಕಷ್ಟ ಕಾಣುತ್ತದೆ, ಬೇರೆಯವನಾದರೆ ಅವನ ಕ್ರೌರ್ಯ ಮಾತ್ರ ಕಾಣುತ್ತದೆ.

ಅದೇ ದಿನ, ಅದೇ ಸೈನ್ಯದ ಪೈಲಟ್ ಹ್ಯೂ ಥಾಂಪ್ಸನ್ ಹಳ್ಳಿಗರಿಗೂ ತಮ್ಮ ಸೈನಿಕರಿಗೂ ನಡುವೆ ಹೆಲಿಕಾಪ್ಟರ್ ಇಳಿಸಿದರು. ಇವರು ಹಳ್ಳಿಗರ ಮೇಲೆ ಗುಂಡು ಹಾರಿಸಿದರೆ ನೀವು ಇವರ ಮೇಲೆ ಹಾರಿಸಿ ಅಂತ ಜೊತೆಗಿದ್ದವರಿಗೆ ಹೇಳಿ ಕೆಲವರ ಜೀವ ಉಳಿಸಿದರು. ಆಮೇಲೆ ಇದನ್ನೆಲ್ಲ ಬಾಯಿಬಿಟ್ಟು ಹೇಳಿದ್ದಕ್ಕೆ ದ್ರೋಹಿ ಅನ್ನಿಸಿಕೊಂಡರು, ಕೊಲೆ ಬೆದರಿಕೆಯೂ ಬಂತು. ಸೈನ್ಯ ಅವರಿಗೆ ಇದಕ್ಕಾಗಿ ಸೋಲ್ಜರ್ಸ್ ಮೆಡಲ್ ಕೊಟ್ಟದ್ದು 1998ರಲ್ಲಿ! ಹೇಳಿ, ಅವಮಾನ ಆದದ್ದು ಯಾವ ಸೈನಿಕನಿಗೆ?

ಇನ್ನು ಕ್ಷಮೆಯ ಮಾತು. 1970ರ ಡಿಸೆಂಬರ್ 7ರಂದು ಪಶ್ಚಿಮ ಜರ್ಮನಿಯ ಚಾನ್ಸಲರ್ ವಿಲಿ ಬ್ರಾಂಟ್ ಪೋಲೆಂಡಿನ ವಾರ್ಸಾದಲ್ಲಿ, ಹಿಟ್ಲರನ ಕಡೆಯವರು ಯೆಹೂದಿಗಳನ್ನು ಕೂಡಿಹಾಕಿದ್ದ ಘೆಟ್ಟೋ ಎಂಬ ಕೇರಿಯ ಸ್ಮಾರಕದ ಮುಂದೆ ಮಂಡಿಯೂರಿದರು. ಅವರ ಕೈಗೆ ಯಾರ ರಕ್ತವೂ ಅಂಟಿರಲಿಲ್ಲ. ಹಿಟ್ಲರ್‌ನನ್ನು ವಿರೋಧಿಸಿ 1933ರಲ್ಲೇ ನಾರ್ವೆಗೆ ಹೋದವರು ಅವರು. ಸುಮ್ನೆ ಹೂವಿಟ್ಟು ಬಂದಿದ್ದರೂ ಯಾರೂ ಕೇಳುತ್ತಿರಲಿಲ್ಲ. ಮಂಡಿಯೂರಿದ್ದು ಅತಿಯಾಯಿತು ಅಂತ ಅವರ ದೇಶದಲ್ಲೇ ಬಹಳ ಜನ ಗೊಣಗಿದರು. ನನಗಂತೂ ಅವರಿಗಿಂತ ದೊಡ್ಡ ದೇಶಪ್ರೇಮಿ ಕಾಣುವುದಿಲ್ಲ.

ತಾತ ಮಾಡಿದ ಕೊಲೆ ನಿಮ್ಮ ತಲೆಗೆ ಬರುವುದಿಲ್ಲ, ನಿಜ. ಆದರೆ ನಾವು ಹುಟ್ಟುವ ಮೊದಲೇ ಮುಗಿದ ಯುದ್ಧವನ್ನು ‘ನಾವು ಗೆದ್ದೆವು’ ಅನ್ನುತ್ತೇವಲ್ಲ, ಆ ‘ನಾವು’ ಕೊಲೆಯ ಮಾತು ಬಂದ ಕೂಡಲೇ ‘ಅವರು’ ಆಗಿಬಿಟ್ಟರೆ ಹೇಗೆ? ಅಷ್ಟಕ್ಕೂ ನೊಂದವರ ಮಕ್ಕಳು ಇನ್ನೂ ಇದ್ದಾರೆ. ನಡೆದದ್ದು ನಡೆದೇ ಇಲ್ಲ ಅಂತ ಅವರ ಮುಂದೆ ಇಂದು ಹೇಳುವವರು ನಮ್ಮ ತಾತಂದಿರಲ್ಲ, ನಾವೇ.