ಎದೆ ತುಂಬಾ ಪದಕ, ಶೌರ್ಯಕ್ಕೆ ಒಂದೇ

(ನಿವೃತ್ತ ಸುಬೇದಾರರೊಬ್ಬರು ಓದುಗರಿಗೆ ಉತ್ತರಿಸುತ್ತಾರೆ)

ಸುಬೇದಾರ್ ಸರ್, ತಾತನ ಟ್ರಂಕಿನಲ್ಲಿ ಒಂದು ಹಳೇ ಇಂಗ್ಲಿಷ್ ಪುಸ್ತಕ ಸಿಕ್ಕಿತು. ಅದರಲ್ಲಿ ಬ್ರಿಟಿಷ್ ಫೀಲ್ಡ್ ಮಾರ್ಷಲ್ ಲಾರ್ಡ್ ರಾಬರ್ಟ್ಸ್ ಅನ್ನುವವರ ಚಿತ್ರವಿದೆ. ಕುಳ್ಳಗಿನ ಆಳು, ಬಿಳಿ ಮೀಸೆ, ಎದೆ ತುಂಬಾ ಪದಕ. ಒಬ್ಬ ಮನುಷ್ಯ ಇಷ್ಟು ಸಲ ಶೌರ್ಯ ತೋರಿಸೋಕೆ ಆಗುತ್ತಾ?
– ಓದುಗರು, ತಿಪಟೂರು

ಆಗಲ್ಲ. ಗಣರಾಜ್ಯೋತ್ಸವದ ದಿನ ನಾನು ಪದಕ ಹಾಕಿಕೊಂಡು ಊರಿನ ಶಾಲೆಗೆ ಹೋದರೆ ಮಕ್ಕಳು ‘ಎಷ್ಟು ಜನರನ್ನ ಹೊಡೆದ್ರಿ ತಾತ?’ ಅಂತ ಕೇಳುತ್ತಾರೆ. ಒಂದು 9 ವರ್ಷ ಸೇವೆಗೆ, ಇನ್ನೊಂದು 20 ವರ್ಷಕ್ಕೆ, ಮತ್ತೊಂದು ಬೆಟ್ಟದ ಮೇಲೆ ಹಿಮದಲ್ಲಿ ನಿಂತಿದ್ದಕ್ಕೆ. ಸೈನಿಕರ ಪದಕಗಳಲ್ಲಿ ಜಾಸ್ತಿ ಪಾಲು ಹಾಜರಿ ಪುಸ್ತಕ ಇದ್ದ ಹಾಗೆ.

ರಾಬರ್ಟ್ಸ್‌ದೂ ಹಾಗೇ. ಹುಟ್ಟಿದ್ದು 1832ರಲ್ಲಿ, ನಮ್ಮ ಕಾನ್ಪುರದಲ್ಲಿ. ಚಿಕ್ಕಂದಿನ ಕಾಯಿಲೆಯಿಂದ ಬಲಗಣ್ಣು ಕಾಣುತ್ತಿರಲಿಲ್ಲ. ಆದರೂ ಬಂಗಾಳದ ಫಿರಂಗಿ ದಳ ಸೇರಿದರು. 1857ರ ದೆಹಲಿ, ಲಖನೌ, 1868ರ ಅಬಿಸೀನಿಯಾ (ಈಗಿನ ಇಥಿಯೋಪಿಯಾ), ಆಮೇಲೆ ಲುಶಾಯ್ ಬೆಟ್ಟ (ಈಗಿನ ಮಿಜೋರಾಂ), ಅಫ್ಘಾನಿಸ್ತಾನ, ದಕ್ಷಿಣ ಆಫ್ರಿಕಾ. ಬಹುಮಟ್ಟಿಗೆ ಯುದ್ಧಕ್ಕೊಂದು ಪದಕ. ಅದರೊಳಗಿನ ದೊಡ್ಡ ಕಾಳಗಕ್ಕೆ ಬೇರೆ ಪದಕ ಕೊಡುವುದಿಲ್ಲ, ರಿಬ್ಬನ್ ಮೇಲೆ ಒಂದು ಲೋಹದ ಪಟ್ಟಿ ಕೂರಿಸುತ್ತಾರೆ. ಅವರ ಅಫ್ಘಾನ್ ಪದಕದ ಮೇಲೆ ಅಂಥವು ನಾಲ್ಕಿದ್ದವು. ಕೆಳಗೆ ತಟ್ಟೆಯ ಹಾಗೆ ಹೊಳೆಯುವ ದೊಡ್ಡ ನಕ್ಷತ್ರಗಳು ಕಾಣುತ್ತವಲ್ಲ, ಅವು ಬಿರುದಿನವು. ಹುದ್ದೆ ಏರಿದ ಹಾಗೆ ತಾವಾಗೇ ಬರುತ್ತವೆ ಅನ್ನಿ.

ಈಗ ಚಿತ್ರವನ್ನು ಇನ್ನೊಮ್ಮೆ ನೋಡಿ. ಕೋಟಿನ ಗುಂಡಿಗಳ ಪಕ್ಕಕ್ಕೇ, ಸಾಲಿನಲ್ಲಿ ಮೊದಲನೆಯದು, ಹೊಳಪಿಲ್ಲದ ಒಂದು ಕಂಚಿನ ಶಿಲುಬೆ. ಅದೇ ವಿಕ್ಟೋರಿಯಾ ಕ್ರಾಸ್, ಬ್ರಿಟಿಷರ ಅತಿ ದೊಡ್ಡ ಶೌರ್ಯ ಪದಕ. ಶೌರ್ಯಕ್ಕೆ ಸಿಕ್ಕಿದ್ದು ಅದೊಂದೇ.

1858ರ ಜನವರಿ 2, ಫತೇಗಢದ ಹತ್ತಿರದ ಖುದಾಗಂಜ್. ರಾಬರ್ಟ್ಸ್ ಆಗಿನ್ನೂ ಲೆಫ್ಟಿನೆಂಟ್. ದಂಗೆಯೆದ್ದ ಇಬ್ಬರು ಸಿಪಾಯಿಗಳು ಬಾವುಟ ಹೊತ್ತು ಹೋಗುತ್ತಿದ್ದುದನ್ನು ಕಂಡು ಕುದುರೆ ಓಡಿಸಿದರು. ಹತ್ತಿರ ಬಂದಾಗ ಇಬ್ಬರೂ ತಿರುಗಿ ಬಂದೂಕು ಗುರಿಯಿಟ್ಟರು. ಒಬ್ಬ ಟ್ರಿಗರ್ ಎಳೆದ. ಮದ್ದಿಗೆ ಕಿಡಿ ಹೊತ್ತಿಸುವ ಕ್ಯಾಪ್ ಚಟ್ ಅಂದಿತು, ಗುಂಡು ಹಾರಲಿಲ್ಲ. ರಾಬರ್ಟ್ಸ್ ಒಬ್ಬನನ್ನು ಕತ್ತಿಯಿಂದ ಕಡಿದು ಬಾವುಟ ಕಿತ್ತುಕೊಂಡರು. ಆ ಕ್ಯಾಪ್ ಸರಿಯಾಗಿದ್ದಿದ್ದರೆ ಲಾರ್ಡೂ ಇಲ್ಲ, ಫೀಲ್ಡ್ ಮಾರ್ಷಲೂ ಇಲ್ಲ. ಪದಕದ ಒಕ್ಕಣೆಯಲ್ಲಿ ಆ ಇಬ್ಬರು ಬರೀ ‘ಸಿಪಾಯಿಗಳು’. ಸೋಲು ಖಚಿತವಾದ ಮೇಲೂ ಬಾವುಟ ಬಿಸಾಡದೆ ಹೊತ್ತೊಯ್ಯುತ್ತಿದ್ದವರು. ಅದೂ ಶೌರ್ಯವೇ ಅಲ್ವಾ?

ರಾಬರ್ಟ್ಸ್ ಮಗನಿಗೂ ಅದೇ ಪದಕ ಬಂತು. 1899ರ ಡಿಸೆಂಬರ್ 15ರಂದು ದಕ್ಷಿಣ ಆಫ್ರಿಕಾದ ಕೊಲೆನ್ಸೊದಲ್ಲಿ ಫಿರಂಗಿಗಳನ್ನು ಉಳಿಸಲು ಹೋಗಿ ಗಾಯಗೊಂಡ ಹುಡುಗ ಎರಡು ದಿನಕ್ಕೆ ತೀರಿಕೊಂಡ. ಅದೇ ದಿನಗಳಲ್ಲಿ ಅದೇ ಯುದ್ಧದ ಸೇನಾಪತಿಯಾಗಿ ಅಪ್ಪನ ನೇಮಕವಾಗಿತ್ತು. ಅಪ್ಪ ಹೋದರು, ಗೆದ್ದರು. ಅಲ್ಲಿ ಎದುರಾಳಿಗಳಾಗಿದ್ದ ಬೋಯರ್ (ಡಚ್ ಮೂಲದ) ರೈತರ ಮನೆಗಳನ್ನು ಸುಡುವ ಕ್ರಮ ಶುರುವಾದದ್ದೂ ಅವರ ಕೈಕೆಳಗೇ. ಅದಕ್ಕೆ ಪಟ್ಟಿಯೇನೂ ಹಾಕಲಿಲ್ಲ.

ಅವರ ಕುದುರೆಗೂ ಪದಕ ಕೊಟ್ಟಿದ್ದರಂತೆ, ನಿಜವಾ?
– ವಿದ್ಯಾರ್ಥಿನಿ, ಶಿರಸಿ

ನಿಜ ಮಗಳೇ. ಅರಬ್ಬಿ ಕುದುರೆ, ಹೆಸರು ವೊನೊಲೆಲ್. 1880ರ ಆಗಸ್ಟಿನಲ್ಲಿ ರಾಬರ್ಟ್ಸ್ ಸುಮಾರು 10,000 ಸೈನಿಕರೊಂದಿಗೆ ಕಾಬೂಲಿನಿಂದ ಕಂದಹಾರಕ್ಕೆ, 500 ಕಿಲೋಮೀಟರ್ ದಾರಿಯನ್ನು ಸುಮಾರು ಮೂರು ವಾರದಲ್ಲಿ ನಡೆದರು. ಅಲ್ಲಿ ವಶಪಡಿಸಿಕೊಂಡ ಫಿರಂಗಿಗಳ ಕಂಚನ್ನೇ ಕರಗಿಸಿ, ನಡೆದವರಿಗೆಲ್ಲ ನಕ್ಷತ್ರದಾಕಾರದ ಪದಕ ಮಾಡಿದರು. ವಿಕ್ಟೋರಿಯಾ ರಾಣಿ ಕುದುರೆಗೂ ಒಂದು ಕೊಟ್ಟಳು, ಜೊತೆಗೆ ಅಫ್ಘಾನ್ ಪದಕವನ್ನೂ. ನಡೆದದ್ದು ಅದೇ ತಾನೇ! ನನಗೇನೂ ತಕರಾರಿಲ್ಲ. ಅದರ ಗೋರಿ ಡಬ್ಲಿನ್‌ನಲ್ಲಿದೆ.

ಈ ರಾಬರ್ಟ್ಸ್‌ಗೂ ನಮ್ಮ ಕಡೆಗೂ ಏನಾದ್ರೂ ಸಂಬಂಧ ಇದೆಯಾ ಸರ್?
– ಓದುಗರು, ಕೋಲಾರ

ಇದೆ, ಆದರೆ ಖುಷಿಪಡುವಂಥದ್ದಲ್ಲ. 1881ರಿಂದ 1885ರವರೆಗೆ ಅವರು ಮದ್ರಾಸ್ ಸೇನೆಯ ಮುಖ್ಯಸ್ಥರು. ಬೆಂಗಳೂರು ದಂಡು ಅದರ ಕೈಕೆಳಗೇ ಇತ್ತು. ದಕ್ಷಿಣದವರು ಯುದ್ಧಕ್ಕೆ ಲಾಯಕ್ಕಲ್ಲ ಅನ್ನುವುದು ಅವರ ತೀರ್ಮಾನ. ಆಮೇಲೆ ಇಡೀ ಭಾರತದ ಸೇನೆಗೆ ದಂಡನಾಯಕರಾದಾಗ ನಮ್ಮ ಕಡೆಯ ಕಾಲಾಳು ಪಡೆಗಳು ಕರಗುತ್ತಾ ಬಂದವು.

ಕೊನೆಗೆ ಉಳಿದದ್ದು ಮದ್ರಾಸ್ ಸ್ಯಾಪರ್ಸ್, ಅಂದರೆ ಸೇನೆಯ ಎಂಜಿನಿಯರ್ ದಳ. ಹಲಸೂರು ಕೆರೆ ಪಕ್ಕದ ಅದೇ ಸೆಂಟರಿನಲ್ಲಿ ನಾನು ತರಬೇತಿ ಪಡೆದವನು. 1944ರಲ್ಲಿ ಇಟಲಿಯಲ್ಲಿ ನೆಲಬಾಂಬ್ ಸಿಡಿಯುವ ಮುಂಚೆ ಅದರ ಮೇಲೆ ಬಿದ್ದು ಜೊತೆಗಾರರನ್ನು ಉಳಿಸಿ, ತಾವು ಸತ್ತು, ಜಾರ್ಜ್ ಕ್ರಾಸ್ ಎಂಬ ಬ್ರಿಟಿಷ್ ಶೌರ್ಯ ಪದಕ ಪಡೆದ ಸುಬೇದಾರ್ ಸುಬ್ರಮಣ್ಯನ್ ನಮ್ಮವರೇ, ಅಂದರೆ ಸ್ಯಾಪರ್ಸ್‌ನವರು. ಸೇನೆಯಲ್ಲಿ ನಮ್ಮನ್ನು ಇವತ್ತಿಗೂ ತಂಬಿ ಅಂತಲೇ ಕರೆಯುತ್ತಾರೆ.