ಸತ್ತ ಅತ್ತೆ ಚಹಾ ತಂದರೆ ನಾನೇನು ಮಾಡಲಿ?

ಓದುಗರ ಪ್ರಶ್ನೆ, ಪ್ರೂಫ್ ಕಾಕಾನ ಉತ್ತರ

ಪ್ರಶ್ನೆ: ಸರ್, ನಾನು ಹುಬ್ಬಳ್ಳಿಯಿಂದ ಧಾರವಾಡಕ್ಕೆ ದಿನಾ ಚಿಗರಿ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಬ್ಯಾಂಕ್ ನೌಕರಿ. ಮನೆಯಲ್ಲಿ ಕಪಾಟಿನ ತುಂಬ ಒಳ್ಳೊಳ್ಳೆ ಕಾದಂಬರಿಗಳಿವೆ. ಆದರೆ ಬಸ್ ಹತ್ತಿದ ಕೂಡಲೇ ಫೋನ್ ತೆಗೆದು ಓದೋದು ಫ್ಯಾನ್ ಫಿಕ್ಷನ್. ಅಂದರೆ ಬೇರೆಯವರ ಪಾತ್ರಗಳನ್ನು ತಂದು ಅಭಿಮಾನಿಗಳು ತಮ್ಮ ಖುಷಿಗೆ ಬರೆಯುವ ಕಥೆ. ಅದರಲ್ಲೂ ಕೆಟ್ಟದಾಗಿ ಬರೆದದ್ದೇ ನನಗೆ ಬೇಕು. ಈಗ ಓದುತ್ತಿರುವ ಕಥೆಯಲ್ಲಿ ಶೆರ್ಲಾಕ್ ಹೋಮ್ಸ್ ಹುಬ್ಬಳ್ಳಿಗೆ ಬಂದು ಇಳಕಲ್ ಸೀರೆಗಳ ಕಳ್ಳತನ ಪತ್ತೆ ಮಾಡುತ್ತಿದ್ದಾನೆ. ನಾಯಕಿಯ ಅತ್ತೆ ಮೂರನೇ ಅಧ್ಯಾಯದಲ್ಲಿ ತೀರಿಕೊಂಡಳು. ಐದನೇ ಅಧ್ಯಾಯದಲ್ಲಿ ಹೋಮ್ಸ್‌ಗೆ ಚಹಾ ತಂದುಕೊಟ್ಟಳು. ಯಾರೂ ಏನೂ ಕೇಳಲಿಲ್ಲ! ನಕ್ಕು ನಕ್ಕು ಕಣ್ಣಲ್ಲಿ ನೀರು. ಪಕ್ಕದ ಸೀಟಿನವರು ಎದ್ದು ಬೇರೆ ಕಡೆ ಹೋದರು. ನನ್ನ ಅಭಿರುಚಿ ಕೆಟ್ಟು ಹೋಗಿದೆಯಾ? ಲಿಂಕ್ ಕಳಿಸಿದ್ದೇನೆ, ನೀವೇ ನೋಡಿ ಹೇಳಿ.
– ಒಬ್ಬ ಓದುಗರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ತಂಗಿ, ಲಿಂಕ್ ಕಳಿಸಿದ್ದು ಪುಣ್ಯದ ಕೆಲಸ. ರಾತ್ರಿ ಊಟ ಮಾಡಿ, ಸುಮ್ನೆ ಒಂದು ಅಧ್ಯಾಯ ನೋಡೋಣ ಅಂತ ಕೂತೆ. ಮಲಗುವಾಗ ಒಂದೂವರೆ. ಒಳಗಿನಿಂದ ನಮ್ಮವಳು ಕೂಗುತ್ತಲೇ ಇದ್ದಳು, ‘ಏನ್ರೀ ಅದು, ಒಬ್ಬರ ಕುಂತು ನಗಾಕತ್ತೀರಲ್ಲಾ?’

ಅತ್ತೆಯ ವಿಷಯಕ್ಕೆ ಬರೋಣ. ಅವಳು ಎದ್ದು ಬಂದಾಗ ಹೋಮ್ಸ್ ಯಾಕೆ ಗಾಬರಿಯಾಗಲಿಲ್ಲ ಅಂತ ನಿಮಗೆ ಅನ್ನಿಸಿರಬೇಕು. ಅವನಿಗೆ ಅದೇನು ಹೊಸದಲ್ಲ. 1893ರಲ್ಲಿ ಅವನ ಕಥೆಗಳನ್ನು ಬರೆದ ಆರ್ಥರ್ ಕಾನನ್ ಡಾಯ್ಲ್ ಅವನನ್ನು ಸ್ವಿಟ್ಜರ್ಲೆಂಡಿನ ಒಂದು ಜಲಪಾತದಲ್ಲಿ ಮುಗಿಸಿ ಕೈ ತೊಳೆದುಕೊಂಡಿದ್ದರು. ಓದುಗರು ಬಿಡಲಿಲ್ಲ. 1903ರಲ್ಲಿ ವಾಪಸ್ ಬದುಕಿಸಬೇಕಾಯಿತು. ಹತ್ತು ವರ್ಷ ಓದುಗರ ಪಾಲಿಗೆ ಸತ್ತು ಎದ್ದು ಬಂದವನಿಗೆ, ಎರಡು ಅಧ್ಯಾಯ ಸತ್ತ ಅತ್ತೆ ಯಾವ ಲೆಕ್ಕ? ಡಾಯ್ಲ್ ಅವನು ಬದುಕಿದ್ದು ಹೇಗೆ ಅಂತ ಕಾರಣ ಕೊಟ್ಟರು. ನಮ್ಮ ಲೇಖಕರು ಚಹಾ ಕೊಟ್ಟರು. ಅಷ್ಟೇ ವ್ಯತ್ಯಾಸ.

ನಾನು ಗದುಗಿನ ಒಂದು ಪ್ರೆಸ್ಸಿನಲ್ಲಿ ಅರ್ಧ ಆಯುಷ್ಯ ಪ್ರೂಫ್ ತಿದ್ದಿದವನು. ಮೊಳೆ ಜೋಡಿಸುವ ಕಾಲದಿಂದ ಕಂಪ್ಯೂಟರ್ ಬರುವವರೆಗೆ. ಲಗ್ನಪತ್ರಿಕೆ, ನಾಟಕ ಕಂಪನಿಗಳ ಹ್ಯಾಂಡ್‌ಬಿಲ್, ಸಂಘದ ವರದಿ, ಸ್ವಂತ ಖರ್ಚಿನ ಕವನ ಸಂಕಲನ, ಎಲ್ಲಾ ನನ್ನ ಮೇಜಿನ ಮೇಲೆ ಹಾದು ಹೋಗಿವೆ. ಕೆಟ್ಟ ಬರವಣಿಗೆಯಲ್ಲಿ ಎರಡು ಜಾತಿ ಅಂತ ನನಗೆ ಅಲ್ಲೇ ಗೊತ್ತಾಯಿತು. ಒಂದು ಬರೀ ಸಪ್ಪೆ. ಸಂಘದ ವರದಿಯ ಮೊದಲ ಸಾಲು ಓದಿದರೆ ಕೊನೆಯ ಸಾಲು ನಾವೇ ಬರೆಯಬಹುದು. ಅದರಲ್ಲಿ ಕಾಗುಣಿತದ ತಪ್ಪು ಹುಡುಕಿದರೂ ಸಿಗಲ್ಲ, ನಿದ್ದೆ ಮಾತ್ರ ಗ್ಯಾರಂಟಿ. ಇನ್ನೊಂದು ಜಾತಿಯಲ್ಲಿ ಮುಂದಿನ ವಾಕ್ಯ ಏನು ಬರುತ್ತದೆ ಅಂತ ಬ್ರಹ್ಮನಿಗೂ ಗೊತ್ತಿರಲ್ಲ. ನಿಮ್ಮ ಕೈಗೆ ಸಿಕ್ಕಿರೋದು ಅದು.

ಒಂದೇ ಒಂದು ವಾಕ್ಯ ಹಿಡಿದು ನೋಡಿ. ಎರಡನೇ ಅಧ್ಯಾಯದಲ್ಲಿ ಹೋಮ್ಸ್‌ನ ವರ್ಣನೆ: ‘ಅವನ ನೀಲಿ ಕಣ್ಣುಗಳು ಉಣಕಲ್ ಕೆರೆಯಂತೆ ಹಚ್ಚ ಹಸಿರಾಗಿದ್ದವು.’ ಪ್ರೆಸ್ಸಿನಲ್ಲಿದ್ದಾಗ ಇದು ಬಂದಿದ್ದರೆ ‘ನೀಲಿ’ಯ ಕೆಳಗೆ ಕೆಂಪು ಗೆರೆ ಎಳೆದು, ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಹಾಕಿ ವಾಪಸ್ ಕಳಿಸುತ್ತಿದ್ದೆ. ಈಗ ಮತ್ತೆ ಮತ್ತೆ ಓದಿದೆ. ಬರೆದವರಿಗೆ ಮೊದಲು ಸಾಹೇಬ ಅಂದರೆ ನೀಲಿ ಕಣ್ಣು ಅಂತ ಹೊಳೆದಿದೆ. ನೀಲಿ ಅಂದ ಮೇಲೆ ನೀರು, ನೀರು ಅಂದ ಮೇಲೆ ಉಣಕಲ್ ಕೆರೆ. ಕೆರೆ ಕಣ್ಣ ಮುಂದೆ ಬಂದ ಕೂಡಲೇ ಅದರ ಮೇಲಿನ ಅಂತರಗಂಗೆಯೂ ಬಂದಿದೆ. ಸುಳ್ಳು ಬರೆಯಲು ಮನಸ್ಸಾಗಿಲ್ಲ, ಪಾಪ. ಹಸಿರು ಅಂತಲೇ ಬರೆದುಬಿಟ್ಟಿದ್ದಾರೆ. ಒಬ್ಬರ ತಲೆಯೊಳಗೆ ಯೋಚನೆ ಎಲ್ಲಿಂದ ಎಲ್ಲಿಗೆ ಓಡಿತು ಅನ್ನೋದು ದೊಡ್ಡ ಲೇಖಕರ ಪುಸ್ತಕದಲ್ಲಿ ಹೀಗೆ ಕಾಣಲ್ಲ. ಅವರು ಜಾಡು ಅಳಿಸಿಬಿಡುತ್ತಾರೆ.

ಗಿರ್ಮಿಟ್ ಪುಟ ಓದಿದಿರಾ? ದುರ್ಗದ ಬೈಲಿನಲ್ಲಿ ಹೋಮ್ಸ್‌ನ ಗೆಳೆಯ ಡಾಕ್ಟರ್ ವಾಟ್ಸನ್ ಗಿರ್ಮಿಟ್ ತಿನ್ನುತ್ತಾನೆ. ಕಳ್ಳ ಆಗಲೇ ಪರಾರಿ. ಆದರೂ ಲೇಖಕರು ಕಥೆ ನಿಲ್ಲಿಸಿ ಒಂದು ಪುಟ ಪೂರ್ತಿ ಗಿರ್ಮಿಟ್ ಮಾಡೋದು ಹೇಗೆ ಅಂತ ಹೇಳುತ್ತಾರೆ. ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಅರಿಶಿನದ ಒಗ್ಗರಣೆ. ಅದಕ್ಕೆ ಹುಣಸೆಹುಳಿ, ಬೆಲ್ಲ. ಆರಿದ ಮೇಲೆ ಚುರುಮರಿ ಕಲಸಿ ಪುಟಾಣಿ ಹಿಟ್ಟು. ಒಂದೂ ತಪ್ಪಿಲ್ಲ! ಸೀರೆ ಕದ್ದವರು ಯಾರು ಅಂತ ಲೇಖಕರಿಗೇ ಇನ್ನೂ ಗೊತ್ತಿಲ್ಲ, ಪುಟಾಣಿ ಹಿಟ್ಟು ಯಾವಾಗ ಹಾಕಬೇಕು ಅಂತ ಮಾತ್ರ ಚೆನ್ನಾಗಿ ಗೊತ್ತಿದೆ. ಇಂಥ ಕಡೆ ನನಗೆ ನಗುವಿನ ಜೊತೆ ಪ್ರೀತಿಯೂ ಬರುತ್ತದೆ. ದುಡ್ಡಿಗಾಗಿ ಬರೆಯುವವರು ಆ ಪುಟ ಬರೆಯುತ್ತಿರಲಿಲ್ಲ. ಸಂಪಾದಕರಿದ್ದರೆ ಹೊಡೆದು ಹಾಕುತ್ತಿದ್ದರು.

ರೈಲ್ವೆ ಸ್ಟೇಶನ್ನಿನಲ್ಲಿ ಕಳ್ಳನ ಬೆನ್ನು ಹತ್ತುವ ದೃಶ್ಯವನ್ನು ಮಾತ್ರ ಆಡಿಕೊಳ್ಳಬೇಡಿ. ಎರಡು ಅಧ್ಯಾಯ ಓಡಿದರೂ ಪ್ಲಾಟ್‌ಫಾರ್ಮ್ ಮುಗಿಯಲ್ಲ ಅಂತ ನಿಮಗೆ ನಗು ಬಂದಿರಬಹುದು. ನಮ್ಮ ಹುಬ್ಬಳ್ಳಿ ಪ್ಲಾಟ್‌ಫಾರ್ಮ್ 1,507 ಮೀಟರ್. 2023ರಲ್ಲಿ ಉದ್ಘಾಟನೆ ಆದಾಗ ಜಗತ್ತಿನಲ್ಲೇ ಉದ್ದದ್ದು ಅಂತ ದಾಖಲೆ ಆಯಿತು. ಕೈಯಲ್ಲಿ ಬ್ಯಾಗ್ ಹಿಡಿದು ಕೊನೆಯ ಬೋಗಿಗೆ ಓಡಿದವರನ್ನು ಕೇಳಿ, ಎರಡು ಅಧ್ಯಾಯ ಕಡಿಮೆಯೇ ಆಯಿತು ಅಂತಾರೆ.

ಇನ್ನು ಅಭಿರುಚಿ. ಅತ್ತೆ ಸತ್ತದ್ದು ನೆನಪಿಲ್ಲದವರಿಗೆ ಚಹಾದಲ್ಲಿ ನಗು ಎಲ್ಲಿಂದ ಬರಬೇಕು? ಕಪಾಟಿನ ಕಾದಂಬರಿಗಳನ್ನು ಓದಿದ್ದಕ್ಕೇ ನೀವು ಬಸ್ಸಿನಲ್ಲಿ ನಗುತ್ತಿದ್ದೀರಿ. ನಾಳೆ ಪಕ್ಕದವರು ಎದ್ದು ಹೋಗುವ ಮೊದಲು ಫೋನ್ ಅವರ ಕಡೆ ತಿರುಗಿಸಿ.

ಪ್ರಶ್ನೆ: ನಮ್ಮ ಮಗಳು ಪಿಯುಸಿ ಎರಡನೇ ವರ್ಷ. ಕೊರಿಯಾದ ಒಬ್ಬ ಹಾಡುಗಾರನ ಮೇಲೆ ಉದ್ದನೆಯ ಕಥೆ ಬರೆಯುತ್ತಿದ್ದಾಳೆ. ತಾನೇ ತೋರಿಸಿದಳು. ಅವನು ಬ್ಯಾಡಗಿ ಮೆಣಸಿನಕಾಯಿ ಪೇಟೆಗೆ ಬರುತ್ತಾನೆ, ಒಂದು ಮೆಣಸಿನಕಾಯಿ ಕಚ್ಚಿ ಖಾರಕ್ಕೆ ಮೂರ್ಛೆ ಹೋಗುತ್ತಾನೆ, ಹದಿನೇಳು ವರ್ಷದ ನಾಯಕಿ ಅವನನ್ನು ಬದುಕಿಸುತ್ತಾಳೆ. ಅವಳು ರಾಜ್ಯಕ್ಕೇ ಫಸ್ಟ್, ಭರತನಾಟ್ಯ, ಕರಾಟೆ, ಟ್ರ್ಯಾಕ್ಟರ್ ಎಲ್ಲಾ ಬರುತ್ತದೆ. ಭಾಷೆ ನೋಡಿದರೆ ತಲೆ ತಿರುಗುತ್ತದೆ. ನಾನು ತಿದ್ದಲಾ, ನಿಲ್ಲಿಸಲಾ?
– ಒಬ್ಬ ತಂದೆ, ಹಾವೇರಿ

ಉತ್ತರ: ನಿಲ್ಲಿಸಬೇಡಿ, ಸರ್. ತಿದ್ದಲೂಬೇಡಿ. ಮೆಣಸಿನಕಾಯಿ ಒಂದನ್ನು ಬಿಟ್ಟು. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ಅದರ ಹೆಸರು ನಡೆಯೋದೇ ಬಣ್ಣದ ಮೇಲೆ. ಅದನ್ನು ಕಚ್ಚಿ ಮೂರ್ಛೆ ಹೋದ ಅಂತ ಹಾವೇರಿ ಜಿಲ್ಲೆಯ ಹುಡುಗಿ ಬರೆದರೆ ಪೇಟೆಯವರು ಏನಂದಾರು? ಗುಂಟೂರು ಮೆಣಸಿನಕಾಯಿ ಮಾಡಲು ಹೇಳಿ. ಇಲ್ಲ, ಅವನಿಗೆ ಮೂರ್ಛೆ ಬಂದದ್ದು ನಾಯಕಿಯನ್ನು ನೋಡಿ ಅಂತ ಮಾಡಿದರೆ ಮೆಣಸಿನಕಾಯಿ ಬದಲಿಸೋದೇ ಬೇಡ.

ಎಲ್ಲಾ ಬಲ್ಲ ಆ ನಾಯಕಿ ನಿಮ್ಮ ಮಗಳು ಹುಟ್ಟಿಸಿದವಳಲ್ಲ. ಅವಳಿಗೆ ದೊಡ್ಡ ವಂಶವೇ ಇದೆ. ಅಮೆರಿಕದಲ್ಲಿ ಸ್ಟಾರ್ ಟ್ರೆಕ್ ಎಂಬ ಬಾಹ್ಯಾಕಾಶ ಹಡಗಿನ ಟಿವಿ ಧಾರಾವಾಹಿಯ ಅಭಿಮಾನಿಗಳು ತಮ್ಮದೇ ಸಣ್ಣ ಪತ್ರಿಕೆ ನಡೆಸುತ್ತಿದ್ದರು. ಅದಕ್ಕೆ ಬರುವ ಕಥೆಗಳಲ್ಲಿ ಇಂಥ ಹುಡುಗಿಯರೇ ಜಾಸ್ತಿ. 1973ರಲ್ಲಿ ಪೌಲಾ ಸ್ಮಿತ್ ಎಂಬುವರು ಅವನ್ನೆಲ್ಲ ಅಣಕಿಸಿ ಒಂದು ಪುಟ್ಟ ಕಥೆ ಬರೆದರು. ಅದರ ನಾಯಕಿ ಲೆಫ್ಟಿನೆಂಟ್ ಮೇರಿ ಸ್ಯೂ. ವಯಸ್ಸು ಹದಿನೈದೂವರೆ. ಬಾಹ್ಯಾಕಾಶದ ಪಡೆಯಲ್ಲೇ ಎಲ್ಲರಿಗಿಂತ ಚಿಕ್ಕ ಲೆಫ್ಟಿನೆಂಟ್, ಎಲ್ಲರಿಗಿಂತ ಜಾಣೆ, ಎಲ್ಲರೂ ಅವಳನ್ನು ಮೆಚ್ಚುವವರೇ. ಕೊನೆಗೆ ಸಾಯುತ್ತಾಳೆ, ಹಡಗಿನವರೆಲ್ಲ ಅಳುತ್ತಾರೆ. ಅಂದಿನಿಂದ ಇಂಥ ನಾಯಕಿಯರಿಗೆಲ್ಲ ಮೇರಿ ಸ್ಯೂ ಅಂತಲೇ ಕರೆಯುತ್ತಾರೆ. ಆದರೆ ಅವರಲ್ಲಿ ಯಾರೂ ಟ್ರ್ಯಾಕ್ಟರ್ ಓಡಿಸಿದ್ದು ನಾನು ಓದಿಲ್ಲ. ಆ ಶ್ರೇಯಸ್ಸು ನಿಮ್ಮ ಮಗಳಿಗೆ.

ಒಂದು ಮಾತು ಗಮನಿಸಿ. ಮಗಳು ತಾನಾಗಿ ತೋರಿಸಿದ್ದಾಳೆ. ಹದಿನೇಳರ ಹುಡುಗಿ ಅಪ್ಪನಿಗೆ ಪ್ರೇಮಕಥೆ ತೋರಿಸೋದು ಎಷ್ಟು ಮನೆಗಳಲ್ಲಿ ನಡೆಯುತ್ತದೆ? ಮುಂದಿನ ಅಧ್ಯಾಯ ಯಾವಾಗ ಅಂತ ಕೇಳಿ. ಪರೀಕ್ಷೆ ಮುಗಿದ ಮೇಲೆ ಅಂತ ಅವಳ ಬಾಯಿಂದಲೇ ಬರಲಿ. ಇಷ್ಟಾದ ಮೇಲೂ ಇದೆಲ್ಲ ಕೆಲಸಕ್ಕೆ ಬಾರದ್ದು ಅನ್ನಿಸಿದರೆ, 2019ರಲ್ಲಿ ಅಭಿಮಾನಿಗಳು ಬರೆದ ಕಥೆಗಳ ಒಂದು ದೊಡ್ಡ ತಾಣಕ್ಕೇ ಹ್ಯೂಗೊ ಪ್ರಶಸ್ತಿ ಬಂದಿದೆ ಅಂತ ನೆನಪಿಟ್ಟುಕೊಳ್ಳಿ. ವೈಜ್ಞಾನಿಕ ಕಥೆಗಳ ಲೋಕದಲ್ಲಿ ಅದು ದೊಡ್ಡ ಮರ್ಯಾದೆ.

ಪ್ರಶ್ನೆ: ನೀವು ಗದುಗಿನವರು. ಹಾಗೆ ನೋಡಿದರೆ ನಮ್ಮ ಕುಮಾರವ್ಯಾಸನೂ ಬರೆದದ್ದು ಫ್ಯಾನ್ ಫಿಕ್ಷನ್ ಅಲ್ಲವೇ? ಮತ್ತೆ ಇವರನ್ನೇಕೆ ನಗುವುದು?
– ನಿವೃತ್ತ ಶಿಕ್ಷಕರು, ಬೆಟಗೇರಿ

ಉತ್ತರ: ಗುರುಗಳೇ, ಈ ಪ್ರಶ್ನೆ ಬರುತ್ತದೆ ಅಂತ ಕಾಯುತ್ತಿದ್ದೆ. ರಾಮಾಯಣ ಬರೆದ ಕವಿಗಳ ಭಾರಕ್ಕೆ ಆದಿಶೇಷ ತಿಣುಕಿದ ಅಂತ ಹಾಡಿದವನೇ ಕುಮಾರವ್ಯಾಸ. ಅಂದರೆ ಹೇಳಿದ್ದನ್ನೇ ಹೇಳುವವರ ಗದ್ದಲ ಅವನಿಗೂ ಗೊತ್ತಿತ್ತು. ಆದರೆ ವೀರನಾರಾಯಣನ ಗುಡಿಯ ಕಂಬದ ಹತ್ತಿರ ನಿಂತು ನಾನು ಅವನನ್ನು ಈ ಸಾಲಿಗೆ ಸೇರಿಸಲಾರೆ. ಹಳೆಯ ಕಥೆಯನ್ನು ತನ್ನ ನುಡಿಯಲ್ಲಿ ಮತ್ತೆ ಹುಟ್ಟಿಸೋದು ಬೇರೆ. ಅದರೊಳಗೆ ತಾನೇ ನುಗ್ಗಿ ಕೃಷ್ಣನ ಪಕ್ಕ ನಿಂತು ಸೆಲ್ಫಿ ತೆಗೆದುಕೊಳ್ಳೋದು ಬೇರೆ. ನನಗೆ ಎರಡೂ ಬೇಕು. ಒಂದೇ ಕಪಾಟಿನಲ್ಲಿ ಇಡಲ್ಲ, ಅಷ್ಟೇ.

ಪ್ರಶ್ನೆ: ಕಾಕಾ, ನಮ್ಮ ಹಾಸ್ಟೆಲಿನಲ್ಲಿ ಭಾನುವಾರ ರಾತ್ರಿ ಇಂಥ ಕಥೆಗಳನ್ನು ಜೋರಾಗಿ ಓದುತ್ತೇವೆ. ಮಂಡಕ್ಕಿ, ಮಿರ್ಚಿ ಇರುತ್ತವೆ. ಹೊಟ್ಟೆ ಹಿಡಿದು ನಗುತ್ತೇವೆ. ಮೊನ್ನೆ ಗೆಳತಿಯೊಬ್ಬಳು ‘ಬರೆದವರಿಗೆ ಗೊತ್ತಾದರೆ ಎಷ್ಟು ನೋವಾಗಬೇಡ’ ಅಂದಳು. ಆಮೇಲೆ ಯಾರಿಗೂ ನಗು ಬರಲಿಲ್ಲ. ನಾವು ತಪ್ಪು ಮಾಡುತ್ತಿದ್ದೇವಾ?
– ವಿದ್ಯಾರ್ಥಿನಿಯರು, ಧಾರವಾಡ

ಉತ್ತರ: ನಿಮ್ಮ ಆಟ ಹಳೆಯದು. 1970ರಲ್ಲಿ ಜಿಮ್ ಥೀಸ್ ಎಂಬ ಹದಿನಾರರ ಅಮೆರಿಕನ್ ಹುಡುಗ ‘ದಿ ಐ ಆಫ್ ಆರ್ಗಾನ್’ ಅಂತ ಕತ್ತಿವರಸೆಯ ಒಂದು ಕಥೆಯನ್ನು ಅಭಿಮಾನಿಗಳ ಪತ್ರಿಕೆಯಲ್ಲಿ ಬರೆದ. ತಪ್ಪುಗಳ ಜಾತ್ರೆ. ಅದು ಕೈಯಿಂದ ಕೈಗೆ ಹೋಗಿ ವೈಜ್ಞಾನಿಕ ಕಥೆಗಳ ಸಮ್ಮೇಳನಗಳಲ್ಲಿ ಆಟವೇ ಆಯಿತು. ಒಬ್ಬರು ಜೋರಾಗಿ ಓದಬೇಕು, ತಪ್ಪುಗಳನ್ನೂ ಇದ್ದ ಹಾಗೇ ಓದಬೇಕು. ನಕ್ಕರೆ ಔಟ್, ಪಕ್ಕದವರಿಗೆ ಕೊಡಬೇಕು. ಆಟವೇನೋ ಚೆನ್ನಾಗಿದೆ. ಆದರೆ 1984ರಲ್ಲಿ ಆ ಹುಡುಗ, ಆಗ ದೊಡ್ಡವನಾಗಿದ್ದ, ರೇಡಿಯೊ ಸಂದರ್ಶನದಲ್ಲಿ ತನಗೆ ನೋವಾಗಿದೆ, ಇನ್ನು ಬರೆಯಲ್ಲ ಅಂದ. ನಿಮ್ಮ ಗೆಳತಿ ಹೇಳಿದ್ದು ಇದನ್ನೇ.

ಹಾಗಂತ ನಗಬೇಡಿ ಅಂತ ನಾನು ಹೇಳಲ್ಲ. ನಗು ತಡೆಯೋಕೆ ಆಗುತ್ತಾ? ನಿಮ್ಮ ಕೋಣೆಯೊಳಗೆ ನಕ್ಕರೆ ಯಾರ ಗಂಟೂ ಹೋಗಲ್ಲ. ಬರೆದವರ ಹೆಸರು ತೆಗೆದು ಓದಿ. ಕಥೆಯ ಕೆಳಗೆ ಹೋಗಿ ಚುಚ್ಚು ಮಾತು ಬರೆಯಬೇಡಿ. ಫೋಟೊ ತೆಗೆದು ಸ್ಟೇಟಸ್‌ಗೆ ಹಾಕಲೇಬೇಡಿ. ನಿಮ್ಮದೇ ಕಾಲೇಜಿನ ಹುಡುಗಿ ಬರೆದದ್ದು ಅಂತ ಗೊತ್ತಾದರೆ ಆ ಕಥೆ ಪಕ್ಕಕ್ಕಿಡಿ, ಬೇರೆ ಬೇಕಾದಷ್ಟಿವೆ.

ನಿಶ್ಚಿಂತೆಯಿಂದ ನಗಬೇಕು ಅಂದರೆ ಹ್ಯಾರಿ ಪಾಟರ್ ಲೋಕದ ‘ಮೈ ಇಮ್ಮಾರ್ಟಲ್’ ಓದಿ. 2006ರಿಂದ 2007ರವರೆಗೆ ಕಂತು ಕಂತಾಗಿ ಬಂದದ್ದು. ನಾಯಕಿಯ ಹೆಸರು ಎಬೊನಿ. ಅದೇ ಹೆಸರು ಮುಂದೆ ಎನೊಬಿ ಆಗುತ್ತದೆ. ಬೈದವರಿಗೆ ಲೇಖಕಿ ಅಧ್ಯಾಯದ ಮೇಲೆಯೇ ತಿರುಗಿ ಬೈಯುತ್ತಾಳೆ. ಬೇಕಂತಲೇ ಕೆಟ್ಟದಾಗಿ ಬರೆದರು ಅಂತ ಕೆಲವರ ವಾದ. ನನಗೆ ಹಾಗನ್ನಿಸಲ್ಲ. ಹತ್ತು ಸಾವಿರ ತಪ್ಪು ತಿದ್ದಿದ ಕೈ ಇದು, ಬೇಕಂತ ಮಾಡಿದ ತಪ್ಪು ಬೇಗ ದಣಿಯುತ್ತದೆ. ಈ ಕಥೆ ದಣಿಯಲ್ಲ.

ಪ್ರಶ್ನೆ: ಇಂಥ ಕಥೆ ಹುಡುಕೋದು ಹೇಗೆ? ನನಗೆ ಸಿಗೋದೆಲ್ಲ ಬರೀ ಬೋರು.
– ಲಕ್ಷ್ಮೇಶ್ವರ

ಉತ್ತರ: ಮೊದಲ ಪುಟದಲ್ಲಿ ನಾಯಕಿ ಕನ್ನಡಿ ಮುಂದೆ ನಿಂತು ತನ್ನ ಕಣ್ಣು, ಮೂಗು, ಜಡೆ ವರ್ಣಿಸಿಕೊಂಡರೆ ಬಿಡಬೇಡಿ, ಓದಿ. ‘ಇದು ನನ್ನ ಮೊದಲ ಕಥೆ, ಬೈಬೇಡಿ ಪ್ಲೀಸ್’ ಅಂತ ಇದ್ದರೆ ಇನ್ನೂ ಒಳ್ಳೆಯದು. ಯಂತ್ರದಿಂದ ಬರೆಸಿದ ಕಥೆಗಳೂ ಈಗ ಬರುತ್ತಿವೆ, ಅವುಗಳಲ್ಲಿ ವಾಕ್ಯ ನುಣ್ಣಗೆ, ಅತ್ತೆ ಸತ್ತರೆ ಸತ್ತಳು. ಅವು ಬೇಡ. ಪ್ರತಿಲಿಪಿ, ವಾಟ್‌ಪ್ಯಾಡ್ ಅಂತ ಕಥೆಗಳ ತಾಣಗಳಿವೆ, ಎರಡರಲ್ಲೂ ಹುಡುಕಿ. ಮೇಲಿನ ಹೋಮ್ಸ್ ಕಥೆಯ ಲಿಂಕ್ ಕೇಳಬೇಡಿ, ಬರೆದವರನ್ನು ಕೇಳದೆ ಕೊಡಲ್ಲ. ಎಂಟನೇ ಅಧ್ಯಾಯ ಬಂದಿದೆ, ಅತ್ತೆ ಮತ್ತೆ ಸತ್ತಿದ್ದಾಳೆ.